ಹತ್ತಿ ಫೆಲ್ಟ್ ಅಚ್ಚಿನಲ್ಲಿ ಉಬ್ಬುವುದು ಯಾಕೆ? ಫಿನಾಲಿಕ್ ರೆಸಿನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ, ದಾವಣಗೆರೆ ಕರೂರು ಕೈಗಾರಿಕಾ ಪ್ರದೇಶದಿಂದ:

ಮೇಡಂ ನಮಸ್ಕಾರ. ನಮ್ಮದು ಹಾಸಿಗೆ, ಸೋಫಾಕ್ಕೆ ಹಾಕೋ ಫೆಲ್ಟ್, ಅಂದ್ರೆ ನಾರಿನ ದಪ್ಪ ಹಾಸು, ಮಾಡೋ ಸಣ್ಣ ಯೂನಿಟ್. ಜಿನ್ನಿಂಗ್ ವೇಸ್ಟು, ಗಾರ್ಮೆಂಟ್ ಚಿಂದಿ ಬಿಡಿಸಿ, ನಾರು ಬಾಚಿ (ಕಾರ್ಡಿಂಗ್) ಹಾಸು ಮಾಡಿ, ಚುಚ್ಚಿ ಬಿಗಿ ಮಾಡೋ ಸೂಜಿ ಮಷಿನ್ನಿಗೆ ಕೊಟ್ಟು ರೋಲ್ ತೆಗೀತೀವಿ. ಈಗ ಬೆಂಗಳೂರಿನ ಒಂದು ಪಾರ್ಟಿ ಲಾರಿ ಬಾನೆಟ್ ಒಳಗೆ ಕೂರಿಸೋ, ಅಚ್ಚಲ್ಲಿ ಒತ್ತಿ ಆಕಾರ ಕೊಟ್ಟ ಫೆಲ್ಟ್ ಬೇಕು ಅಂತಿದಾರೆ. ಬಿಸಿಗೆ ಕರಗಿ ಅಂಟೋ ಫಿನಾಲಿಕ್ ಪುಡಿ ರೆಸಿನ್ ತರಿಸಿ, ನಮ್ಮ ಫೆಲ್ಟ್ ಮೇಲೆ ಉದುರಿಸಿ, ಪರಿಚಯದವರ ಹಾಟ್ ಪ್ರೆಸ್ಸಲ್ಲಿ 200 ಡಿಗ್ರಿಗೆ ಇಟ್ಟು ನೋಡಿದ್ವಿ. ನಡುವೆ ಉಬ್ಬಿ ಎರಡು ಪದರ ಆಗ್ತಿದೆ. ಮೇಲೆಲ್ಲ ಕಂದು ಬಣ್ಣ, ಸೀಳಿದ್ರೆ ಒಳಗೆ ಹತ್ತಿ ಹಂಗೇ ಇದೆ. ಪ್ರೆಸ್ ಕೊಳ್ಳೋಕೆ ಸಾಲಕ್ಕೆ ಅರ್ಜಿ ಹಾಕಬೇಕು ಅಂತಿದೀನಿ, ಎಷ್ಟು ಟನ್ನಿಂದು ತಗೊಳ್ಳಲಿ?

ಉತ್ತರ:

ಸಾಲದ ಅರ್ಜಿ ಸದ್ಯಕ್ಕೆ ತಡೆಯಿರಿ. ನೀವು ಹೇಳಿದ ದೋಷಗಳು ಬಹುಮಟ್ಟಿಗೆ ಮಾಲು ಪ್ರೆಸ್ಸಿಗೆ ಹೋಗುವ ಮುಂಚೆಯೇ ಹುಟ್ಟಿದವು. ದೊಡ್ಡ ಪ್ರೆಸ್ ತಂದರೂ ದೊಡ್ಡದಾಗಿ ಉಬ್ಬುತ್ತೆ, ಅಷ್ಟೆ.

ಫಿನಾಲಿಕ್ ರೆಸಿನ್ ಹಳೆ ಮನೆಗಳ ಕಪ್ಪು ಸ್ವಿಚ್ಚಿನ ಬೇಕಲೈಟ್ ಜಾತಿಯದೇ, 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಮಾಡಿದ್ದು. ನಿಮ್ಮ ಕೈಯಲ್ಲಿರುವ ಪುಡಿ ಬಹುಮಟ್ಟಿಗೆ ನೊವೊಲ್ಯಾಕ್, ಅದಕ್ಕೆ ಶೇಕಡ 6ರಿಂದ 12ರಷ್ಟು ಹೆಕ್ಸಮೀನ್ ಬೆರೆಸಿರುತ್ತಾರೆ. ನೊವೊಲ್ಯಾಕ್ ಒಂದೇ ಇದ್ದರೆ ಬಿಸಿಗೆ ಕರಗುತ್ತೆ, ಆರಿದರೆ ಗಟ್ಟಿಯಾಗುತ್ತೆ, ಮತ್ತೆ ಕಾಸಿದರೆ ಮತ್ತೆ ಕರಗುತ್ತೆ. ಬಿಸಿಗೆ ಹೆಕ್ಸಮೀನ್ ಒಡೆದು ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿದ ಮೇಲೆ ಆ ಆಟ ಮುಗಿಯಿತು. ಹಸಿ ಇಟ್ಟಿಗೆಯನ್ನು ನೀರು ಹಾಕಿ ಮತ್ತೆ ಮಣ್ಣು ಕಲಸಬಹುದು, ಸುಟ್ಟ ಇಟ್ಟಿಗೆಯನ್ನು ಆಗಲ್ಲವಲ್ಲ, ಹಾಗೆ. ಅಚ್ಚಿಗೆ ಹೋಗುವ ಫೆಲ್ಟ್ ಈ ಎರಡರ ನಡುವೆ ನಿಂತಿರಬೇಕು. ಪುಡಿ ಕರಗಿ ನಾರಿಗೆ ಅಂಟಿರಬೇಕು, ಕೊಂಡಿ ಮಾತ್ರ ಪೂರ್ತಿ ಬಿದ್ದಿರಬಾರದು. ಕಸುಬಿನವರು ಅದನ್ನು ಸೆಮಿ ಕ್ಯೂರ್ ಅಂತಾರೆ. ಈ ಉದ್ಯಮದ ಜೀವಾಳವೇ ಅದು. ನೀವು ಆ ಹಂತವನ್ನು ಪೂರ್ತಿ ಬಿಟ್ಟಿದ್ದೀರಿ.

ಇನ್ನು ಪುಡಿ ಹಾಕಿದ ಜಾಗ. ಸೂಜಿ ಹೊಡೆದು ಬಿಗಿಯಾದ ಫೆಲ್ಟಿನ ಮೇಲೆ ಪುಡಿ ಉದುರಿಸಿದರೆ ಅದು ಮೇಲೇ ಕೂರುತ್ತೆ. ಮೇಲೆ ಚರ್ಮದಂತೆ ಗಟ್ಟಿ, ಒಳಗೆ ಬರೀ ಹತ್ತಿ. ಈ ಮಾಲನ್ನೇ ಮಾಡುವ ಕಾರ್ಖಾನೆಗಳಲ್ಲಿ ನಾರು ಬಿಡಿಬಿಡಿಯಾಗಿ ಗಾಳಿಯಲ್ಲಿ ಹಾರುವಾಗಲೇ ಅದರೊಳಗೆ ಪುಡಿ ಬಿಡುತ್ತಾರೆ, ಎರಡೂ ಒಟ್ಟಿಗೆ ಜಾಲರಿ ಬೆಲ್ಟಿನ ಮೇಲೆ ಹಾಸಾಗಿ ಬೀಳುತ್ತೆ. ಆಮೇಲೆ ಓವನ್ನಿಗೆ. ಒಟ್ಟು ತೂಕದಲ್ಲಿ ರೆಸಿನ್ ಪಾಲು ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ. ನಿಮ್ಮಲ್ಲಿರುವ ಸೂಜಿ ಮಷಿನ್ನೇ ಇಟ್ಟುಕೊಂಡು ಮಾಡಬೇಕೆಂದರೆ ಇನ್ನೊಂದು ದಾರಿ ಇದೆ: ನೀರಿನಲ್ಲಿ ಕರಗುವ ದ್ರವ ಫಿನಾಲಿಕ್, ಅಂದರೆ ರೆಸೋಲ್, ಅದರಲ್ಲಿ ಫೆಲ್ಟ್ ಅದ್ದಿ, ರೋಲರಿನಲ್ಲಿ ಹಿಂಡಿ, 100 ಡಿಗ್ರಿ ಆಸುಪಾಸಿನಲ್ಲಿ ಒಣಗಿಸುವುದು. ಆದರೆ ಆ ತೊಟ್ಟಿ ತೊಳೆದ ನೀರಿನಲ್ಲಿ ಫಿನಾಲ್ ಇರುತ್ತೆ. ಅದನ್ನು ಚರಂಡಿಗೆ ಬಿಡುವ ಹಾಗಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಕೇಳುವಾಗ ಮೊದಲ ಪ್ರಶ್ನೆಯೇ ಅದಾಗಿರುತ್ತೆ.

ಉಬ್ಬುವುದಕ್ಕೆ ಕಾರಣ ನೀರು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇಕಡ 8.5ರಷ್ಟು ನೀರು ಹಿಡಿದಿರುತ್ತೆ. 700 ಗ್ರಾಂ ಹತ್ತಿ ಇರುವ ಒಂದು ಹಾಳೆ ಅಂದುಕೊಳ್ಳಿ, ಅದರಲ್ಲಿ ಸುಮಾರು 55 ಗ್ರಾಂ ನೀರು. ಆ 55 ಗ್ರಾಂ ಹಬೆಯಾದರೆ 90 ಲೀಟರಿಗೂ ಹೆಚ್ಚು ಜಾಗ ಕೇಳುತ್ತೆ. ಜೊತೆಗೆ ಹೆಕ್ಸಮೀನ್ ಒಡೆದಾಗ ಅಮೋನಿಯಾ ಬೇರೆ. ಮುಚ್ಚಿದ ಅಚ್ಚಿನಲ್ಲಿ ಇದಕ್ಕೆಲ್ಲ ದಾರಿ ಎಲ್ಲಿ? ಪ್ರೆಸ್ ಬಿಚ್ಚಿದ ಕ್ಷಣ ನಡುವಿನಿಂದ ಸೀಳಿಕೊಂಡು ಹೊರಡುತ್ತೆ. ಅದಕ್ಕೇ ಹಾಳೆ ಒಣಗಿಸಿ ಬಿಸಿಯಾಗಿರುವಾಗಲೇ ಅಚ್ಚಿಗೆ ಇಡಿ. ಒಮ್ಮೆ ಮುಚ್ಚಿ, ಕೆಲವು ಸೆಕೆಂಡಿಗೆ ಒಂದಿಷ್ಟು ತೆರೆದು ಹಬೆ ಬಿಟ್ಟು, ಮತ್ತೆ ಮುಚ್ಚಿ. ಮಳೆಗಾಲದಲ್ಲಿ ಈ ಎಚ್ಚರ ಎರಡರಷ್ಟು ಬೇಕು.

ಕಂದು ಬಣ್ಣಕ್ಕೂ ಒಂದು ಮಾತು. ಫೆಲ್ಟ್ ಅಂದರೆ ಶಾಖ ತಡೆಯುವ ವಸ್ತು. ನಡು ಬೇಯಲಿ ಅಂತ ಹೆಚ್ಚು ಹೊತ್ತು ಬಿಟ್ಟರೆ ಮೇಲಿನ ಹತ್ತಿ ಸುಡುತ್ತೆ. 180ರಿಂದ ಶುರು ಮಾಡಿ ಸಮಯ ಹೊಂದಿಸಿಕೊಳ್ಳಿ.

ಟನ್ ಲೆಕ್ಕ ಕೇಳಿದಿರಿ. ಚದರ ಸೆಂಟಿಮೀಟರಿಗೆ 10 ಕೆಜಿ ಒತ್ತಡ ಬೇಕಾದರೆ ಒಂದು ಚದರ ಮೀಟರ್ ಭಾಗಕ್ಕೆ 100 ಟನ್. ಆದರೆ 1200 ಜಿಎಸ್‌ಎಂ (ಚದರ ಮೀಟರಿಗೆ 1200 ಗ್ರಾಂ) ಹಾಳೆಯನ್ನು 6 ಮಿಲಿಮೀಟರಿಗೆ ಒತ್ತುವುದಕ್ಕೆ ಅಷ್ಟು ಬೇಡ. ಅದರ ಅಂಚನ್ನು 2 ಮಿಲಿಮೀಟರಿಗೆ ಚಪ್ಪಟೆ ಮಾಡು ಅಂತ ಡ್ರಾಯಿಂಗಿನಲ್ಲಿ ಇದ್ದರೆ ಲೆಕ್ಕ ಬೇರೆಯಾಗುತ್ತೆ. ಡ್ರಾಯಿಂಗ್ ಕೈಗೆ ಬರುವವರೆಗೆ ಪ್ರೆಸ್ಸಿನ ಕೊಟೇಶನ್ ತರಿಸಬೇಡಿ.

ಅದೇ ಪ್ರಶ್ನಿಗರು:

ಬಹಳ ಉಪಕಾರ ಆಯ್ತು ಮೇಡಂ. ಸೆಮಿ ಕ್ಯೂರ್ ಸರಿಯಾಗಿ ನಿಂತಿದೆ ಅಂತ ಲ್ಯಾಬ್ ಇಲ್ಲದೆ ಹೆಂಗೆ ತಿಳಿಯೋದು?

ಉತ್ತರ:

ಒಂದು ತಕ್ಕಡಿ, ಒಂದು ಬಾಟಲಿ ಅಸಿಟೋನ್ ಸಾಕು. ಬೇಯದ ರೆಸಿನ್ ಅಸಿಟೋನಿನಲ್ಲಿ ಕರಗುತ್ತೆ, ಬೆಂದದ್ದು ಕರಗಲ್ಲ. ಓವನ್ನಿಂದ ಬಂದ ತುಂಡನ್ನು ಒಣಗಿಸಿ ತೂಗಿ, ಅಸಿಟೋನಿನಲ್ಲಿ ನೆನೆಸಿ ತೊಳೆದು, ಮತ್ತೆ ಒಣಗಿಸಿ ತೂಗಿ. ಪುಡಿ ಉದುರದೆ ನಾರಿಗೆ ಅಂಟಿದ್ದು, ಹಾಕಿದ ರೆಸಿನ್ ಹೆಚ್ಚುಕಡಿಮೆ ಪೂರ್ತಿ ಹೋದರೆ ಸರಿಯಾಗಿ ನಿಂತಿದೆ. ಏನೂ ಹೋಗದಿದ್ದರೆ ಓವನ್ನಲ್ಲೇ ಬೆಂದುಹೋಗಿದೆ, ಆ ಮಾಲು ಅಚ್ಚಿನಲ್ಲಿ ಬಾಗುವುದೂ ಇಲ್ಲ, ಅಂಟುವುದೂ ಇಲ್ಲ. ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತೆ, ಓವನ್ನಿನಿಂದ ದೂರದ ಕೋಣೆಯಲ್ಲಿ ಮಾಡಿ, ಆವಿ ಪೂರ್ತಿ ಆರುವ ತನಕ ಬಿಸಿ ಮಾಡಬೇಡಿ.

ರೆಸಿನ್ ಮಾರುವವರ ಹತ್ತಿರ ಮೂರು ಅಂಕಿ ಕೇಳಿ: 150 ಡಿಗ್ರಿಯಲ್ಲಿ ಎಷ್ಟು ಸೆಕೆಂಡಿಗೆ ಗಟ್ಟಿಯಾಗುತ್ತೆ, 125 ಡಿಗ್ರಿಯಲ್ಲಿ ಎಷ್ಟು ಮಿಲಿಮೀಟರ್ ಹರಿಯುತ್ತೆ, ಹೆಕ್ಸಮೀನ್ ಎಷ್ಟಿದೆ. ಇವನ್ನು ಕೊಡದವರಿಂದ ಕೊಳ್ಳಬೇಡಿ, ಪ್ರತಿ ಲಾಟಿಗೂ ಕೇಳಿ. ತೂಕ ಎಲ್ಲ ಕಡೆ ಸಮ ಬಿದ್ದಿದೆಯಾ ನೋಡಲು 10 ಸೆಂಟಿಮೀಟರ್ ಚೌಕ ಕತ್ತರಿಸಿ, ಗ್ರಾಮನ್ನು ನೂರರಿಂದ ಗುಣಿಸಿದರೆ ಅದೇ ಜಿಎಸ್‌ಎಂ. ಅಂಚಿನಿಂದಲೂ ನಡುವಿನಿಂದಲೂ ತೆಗೆಯಿರಿ. ಸೆಮಿ ಕ್ಯೂರ್ ಮಾಲನ್ನು ತಗಡಿನ ಶೆಡ್ಡಿನಲ್ಲಿ ಬೇಸಿಗೆ ಪೂರ್ತಿ ಇಡುವುದು ಬೇಡ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ನಿಧಾನವಾಗಿ ತಾನೇ ಮುಂದುವರಿಯುತ್ತೆ, ಜೊತೆಗೆ ತೇವ ಬೇರೆ ಎಳೆಯುತ್ತೆ. ಮೊದಲು ತಯಾರಾದದ್ದು ಮೊದಲು ಹೋಗಲಿ.

ನಾನ್‌ವೋವನ್, ಅಂದರೆ ನೇಯದೆ ಮಾಡುವ ಫೆಲ್ಟಿನಂಥ ಬಟ್ಟೆಯ ವಿಷಯಕ್ಕೇ ಮೀಸಲಾದ ಕೇಂದ್ರ ಮಹಾರಾಷ್ಟ್ರದ ಇಚಲಕರಂಜಿಯ ಡಿಕೆಟಿಇ ಕಾಲೇಜಿನಲ್ಲಿದೆ. ಹುಬ್ಬಳ್ಳಿ, ಬೆಳಗಾವಿ ದಾಟಿದರೆ ಆಯ್ತು. ಸಾಲಕ್ಕಿಂತ ಮೊದಲು ಅಲ್ಲಿಗೊಮ್ಮೆ ಹೋಗಿಬನ್ನಿ.

ದಾವಣಗೆರೆಯ ನಿವೃತ್ತ ಮಿಲ್ ಕಾರ್ಮಿಕರೊಬ್ಬರು:

ನೋಡವ್ವ, ನಾನು ಹತ್ತಿ ಮಿಲ್ಲಿನ ಬ್ಲೋ ರೂಮಿನಾಗೆ ಕೆಲಸ ಮಾಡಿದೋನು. ಹತ್ತಿ ಧೂಳು ಎಂಥದು ಅಂತ ಎದೆಗೆ ಗೊತ್ತು. ಈಗ ಅದರ ಜೊತೆ ಈ ಪುಡೀನೂ ಸೇರಿದ್ರೆ ಆ ಹುಡುಗರ ಗತಿ ಏನು?

ಉತ್ತರ:

ಯಜಮಾನ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ಕೈ ಮುಗೀತೀನಿ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವ ಆ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರು, ಮಿಲ್ಲಿನ ಊರಿಗೆ ಅದನ್ನು ವಿವರಿಸಬೇಕಿಲ್ಲ. ಈ ಕೆಲಸದಲ್ಲಿ ಅದರ ಮೇಲೆ ಇನ್ನೂ ಎರಡು ಅಪಾಯ ಇವೆ.

ಒಂದು, ಬೇಯುವಾಗ ಬರುವ ಫಾರ್ಮಾಲ್ಡಿಹೈಡ್. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನಲ್ಲೇ ಇಟ್ಟಿದೆ. ಪ್ರೆಸ್ಸಿನ ತಲೆ ಮೇಲೆ, ಓವನ್ನಿನ ಎರಡೂ ಬಾಯಿಯಲ್ಲಿ ಹೊಗೆ ಎಳೆಯುವ ಹುಡ್ ಇರಲೇಬೇಕು. ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊಗೆ ಕೆಲಸಗಾರರ ಮುಖ ದಾಟಿಕೊಂಡೇ ಹೊರಗೆ ಹೋಗುತ್ತೆ.

ಎರಡನೆಯ ಅಪಾಯ ಸ್ಫೋಟದ್ದು. ಫಿನಾಲಿಕ್ ಪುಡಿ ಗಾಳಿಯಲ್ಲಿ ಮೋಡದಂತೆ ಎದ್ದಾಗ ಕಿಡಿ ಸಿಕ್ಕರೆ ಸಿಡಿಯುತ್ತೆ. 2003ರ ಫೆಬ್ರವರಿ 20ರಂದು ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್‌ನಲ್ಲಿ, ವಾಹನಗಳಿಗೆ ಶಬ್ದ ಮತ್ತು ಶಾಖ ತಡೆಯುವ ಹಾಸು ಮಾಡುವ ಕಾರ್ಖಾನೆಯಲ್ಲಿ ಹೀಗೇ ಆಯಿತು. ಗಾಜಿನ ನಾರು, ಇದೇ ಫಿನಾಲಿಕ್ ಪುಡಿ. ಓವನ್ನಿನ ಶಾಖ ಹತೋಟಿ ಕೆಟ್ಟಿತ್ತು ಅಂತ ಬಾಗಿಲು ತೆರೆದಿಟ್ಟಿದ್ದರು, ಹತ್ತಿರದಲ್ಲೇ ಗುಡಿಸಿ ಸ್ವಚ್ಛ ಮಾಡುವಾಗ ಧೂಳು ಎದ್ದು ಬೆಂಕಿ ಹತ್ತಿತು. ತೊಲೆಗಳ ಮೇಲೆ ಕೂತಿದ್ದ ಪುಡಿ ಮೊದಲ ಸ್ಫೋಟಕ್ಕೆ ಉದುರಿ ಮುಂದಿನ ಸ್ಫೋಟಗಳಾದವು. 7 ಜನ ಸತ್ತರು, 37 ಜನ ಗಾಯಗೊಂಡರು. ಕಂಪ್ರೆಸರ್ ಗಾಳಿ ಊದಿ ಮಷಿನ್ ಕ್ಲೀನ್ ಮಾಡುವುದು ನಮ್ಮ ಎಲ್ಲಾ ಶೆಡ್ಡುಗಳ ರೂಢಿ. ಈ ಪುಡಿ ಬಂದ ದಿನವೇ ಅದನ್ನು ನಿಲ್ಲಿಸಬೇಕು. ಸ್ಫೋಟಕ ಧೂಳಿಗೆ ಮಾಡಿದ ವ್ಯಾಕ್ಯೂಮ್ ಬಳಸಿ, ಪುಡಿ ಹೋಗುವ ಪೈಪಿಗೆಲ್ಲ ಅರ್ಥಿಂಗ್ ಕೊಡಿ, ತೊಲೆ ಮೇಲಿನ ಧೂಳನ್ನೂ ತೆಗೆಸಿ. ಇಷ್ಟಕ್ಕೆ ದುಡ್ಡಿಲ್ಲ ಅಂದರೆ ಪುಡಿ ರೆಸಿನ್ ಕೆಲಸವನ್ನೇ ಹಿಡಿಯಬಾರದು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು:

ಮೇಡಂ ಅವರೇ, ನಮ್ಮಲ್ಲಿ ಸುಗ್ಗಿ ಬಂದ್ರೆ ರಸ್ತೆ ಬದಿಯೆಲ್ಲ ಅಡಿಕೆ ಸಿಪ್ಪೆ ರಾಶಿ, ಬೆಂಕಿ ಹಾಕ್ತಾರೆ, ಹೊಗೆಗೆ ದಾರಿ ಕಾಣಲ್ಲ. ಹತ್ತಿ ಬದಲು ಅದನ್ನೇ ಹಾಕಿದ್ರೆ ಆಗಲ್ವಾ?

ಉತ್ತರ:

ಪೂರ್ತಿ ಬದಲಿಗೆ ಆಗಲ್ಲ, ಬೆರಕೆಗೆ ಆಗುತ್ತೆ. ಅಡಿಕೆ ನಾರು ಗಿಡ್ಡ, ಒಂದನ್ನೇ ಕಾರ್ಡಿಂಗಿಗೆ ಕೊಟ್ಟರೆ ಹಾಸಾಗಿ ನಿಲ್ಲದೆ ಉದುರುತ್ತೆ. ಉದ್ದ ನಾರಿನ ಹತ್ತಿ ಚಿಂದಿಯೋ ಪಾಲಿಯೆಸ್ಟರೋ ಜೊತೆಗಿರಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಿಪ್ಪೆ ನಾರಿನಿಂದ ಶುರು ಮಾಡಬೇಡಿ ಅನ್ನುವುದು ನನ್ನ ಸಲಹೆ. ನಾರಿನಲ್ಲಿರುವ ಲಿಗ್ನಿನ್ ಸ್ವತಃ ಫಿನಾಲ್ ಜಾತಿಯದು, ಹಾಗಾಗಿ ಈ ರೆಸಿನ್‌ಗೂ ಅದಕ್ಕೂ ಚೆನ್ನಾಗಿ ಹೊಂದುತ್ತೆ.

ಕಷ್ಟ ಇರುವುದು ನಾರು ಬಿಡಿಸುವುದರಲ್ಲಿ. ಮಲೆನಾಡಿನ ಅಂಚಿನ ನಿಮ್ಮ ಕಡೆ ಹಸಿ ಕಾಯಿ ಸುಲಿಯುವುದರಿಂದ ಸಿಪ್ಪೆ ನೀರು ತುಂಬಿಕೊಂಡಿರುತ್ತೆ, ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತೆ. ತೆಳ್ಳಗೆ ಹರವಿ ಒಣಗಿಸಿ, ಬಡಿದು, ಜರಡಿ ಹಿಡಿದು ಪುಡಿ ಬೇರೆ ಮಾಡಬೇಕು. ಪುಡಿ ಉಳಿದರೆ ರೆಸಿನ್ನೆಲ್ಲ ಅದೇ ಕುಡಿಯುತ್ತೆ, ನಾರಿಗೆ ಏನೂ ಸಿಗಲ್ಲ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ನಾರು ಸ್ವಚ್ಛ ಮಾಡುವುದು ಕಾಲೇಜು ಪ್ರಾಜೆಕ್ಟಿನ ಬಕೆಟ್ಟಿಗೆ ಸರಿ, ಟನ್ನುಗಟ್ಟಲೆ ಮಾಡಿದರೆ ಆ ನೀರು ತೋಟಕ್ಕೇ ಕೇಡು. ಸಿಪ್ಪೆಯನ್ನು ಊರೂರಿನಿಂದ ಕರೂರಿಗೆ ಹೊರುವ ಬದಲು ಚನ್ನಗಿರಿಯಲ್ಲೇ ಒಣಗಿಸಿ, ಬಿಡಿಸಿ, ಬೇಲ್ ಕಟ್ಟಿ ಕಳಿಸುವ ಏರ್ಪಾಡು ಯಾರಾದರೂ ಮಾಡಲಿ ಅಂತ ನನಗೆ ಬಹಳ ಆಸೆ ಇದೆ. ಹೊಸದುರ್ಗದ ಕಡೆಯವರಿಗೆ ತೆಂಗಿನ ನಾರು ಇನ್ನೂ ಸುಲಭ, ನಾರು ಉದ್ದ, ಬಿಡಿಸುವ ಯಂತ್ರಗಳೂ ಸಿಗುತ್ತವೆ.

ಚಳ್ಳಕೆರೆಯಿಂದ ಒಬ್ಬರು:

ಕುರಿ ಉಣ್ಣೆ ನಡೆಯುತ್ತಾ ಮೇಡಂ? ಕಂಬಳಿಗೆ ಮೊದಲಿನಂಗೆ ಗಿರಾಕಿ ಇಲ್ಲ.

ಉತ್ತರ:

ಫಿನಾಲಿಕ್ ಜೊತೆ ಬೇಡ, ಆ ಶಾಖಕ್ಕೆ ಉಣ್ಣೆ ಹಳದಿಯಾಗಿ ಕಮಟು ಬರುತ್ತೆ. ಜಿಡ್ಡು ಹೋಗುವಂತೆ ತೊಳೆದು, 110 ಡಿಗ್ರಿ ಸುಮಾರಿಗೆ ಮೇಲ್ಪದರ ಕರಗುವ ಲೋ ಮೆಲ್ಟ್ ಪಾಲಿಯೆಸ್ಟರ್ ನಾರು ಬೆರೆಸಿ ಸೂಜಿ ಹೊಡೆಸಿ. ಗೋಡೆಗೆ ಹಾಕುವ ಶಬ್ದ ತಡೆಯುವ ಹಲಗೆಗೆ ಒರಟು ಉಣ್ಣೆ ಒಳ್ಳೆಯದೇ.

ಕರೂರಿನ ಪ್ರಶ್ನಿಗರು:

ಹಂಗಾದ್ರೆ ನಾನೂ ಲೋ ಮೆಲ್ಟ್ ನಾರೇ ಹಾಕಬಹುದಲ್ವಾ? ಪುಡಿ ಸಹವಾಸನೇ ಬೇಡ.

ಉತ್ತರ:

ಎಂಜಿನ್ ಪಕ್ಕದ ಭಾಗಕ್ಕೆ ಆಗಲ್ಲ, ಅಲ್ಲಿನ ಬಿಸಿಗೆ ಆ ಅಂಟು ಮೆತ್ತಗಾಗಿ ಫೆಲ್ಟ್ ಜೋತುಬೀಳುತ್ತೆ. ಥರ್ಮೋಸೆಟ್, ಅಂದರೆ ಒಮ್ಮೆ ಬೆಂದ ಮೇಲೆ ಮತ್ತೆ ಕರಗದ ಫಿನಾಲಿಕ್‌ನಂಥ ಅಂಟು, ಕೇಳುವುದೇ ಅದಕ್ಕೆ. ಆದರೆ ಅದೇ ಪಾರ್ಟಿಗೆ ಕ್ಯಾಬಿನ್ ಒಳಗಿನ ಭಾಗಗಳೂ ಬೇಕಾಗಿರುತ್ತವೆ, ಅಲ್ಲಿ ಲೋ ಮೆಲ್ಟ್ ಧಾರಾಳ ನಡೆಯುತ್ತೆ. ನಿಮ್ಮ ಸೂಜಿ ಮಷಿನ್ ಸಾಕು, ಹೊಸದಾಗಿ ಬೇಕಾಗುವುದು ಹಾಳೆ ಕಾಸುವ ಓವನ್ ಮತ್ತು ತಣ್ಣನೆಯ ಅಚ್ಚು. ಕತ್ತರಿಸಿ ಉಳಿದ ಅಂಚನ್ನು ಬಿಡಿಸಿ ಮತ್ತೆ ನಾರಿನ ಹಾಸಿನೊಳಗೆ ಸೇರಿಸಬಹುದು. ಬೆಂದ ಫಿನಾಲಿಕ್ ಅಂಚು ಮತ್ತೆ ಅಂಟಾಗಲ್ಲ, ಹರಿದು ಸ್ವಲ್ಪ ಪ್ರಮಾಣದಲ್ಲಿ ತುಂಬಲು ಹಾಕಬಹುದಷ್ಟೆ. ಮಂಡಕ್ಕಿ ಭಟ್ಟಿಗೆ ಉರುವಲಿಗೆ ಮಾತ್ರ ಖಂಡಿತ ಕೊಡಬೇಡಿ. ಮೊದಲು ಪಾರ್ಟಿಯಿಂದ ಕ್ಯಾಬಿನ್ ಭಾಗದ ಡ್ರಾಯಿಂಗ್ ಕೇಳಿ ತರಿಸಿ, ಇಲ್ಲೇ ಹಾಕಿ, ಜಿಎಸ್‌ಎಂ ಲೆಕ್ಕ ನಾನು ಹಾಕಿಕೊಡ್ತೀನಿ.