ಚೆರಿ ಕೌಂಟಿಯ ಬರ ಪರಿಹಾರ: ಕೃಷಿ ಬಳಗದ ವಾಟ್ಸಾಪ್ ಚರ್ಚೆ

ವಿದ್ಯಾ ಹಂಚಿದ್ದು: ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರಿ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಬಂದ ಕೃಷಿ ಸಬ್ಸಿಡಿಯ ವರ್ಷವಾರು ಪಟ್ಟಿ.

ವಿದ್ಯಾ: 2014ರ ಸಾಲು ನೋಡಿ. ದನ ಸಾಕೋ ರಾಂಚ್‌ಗಳಿಗೆ ಒಂದೇ ವರ್ಷದಲ್ಲಿ ಇಷ್ಟು ದುಡ್ಡು! ಇದನ್ನ ಪರಿಹಾರ ಅಂತ ಹೇಗೆ ಕರೆಯೋದು?

ಮಂಜು: ಅದು 2014ರ ಬರದ್ದಲ್ಲ ಕಣೇ. ಮೇವು ಪರಿಹಾರದ ಎಲ್‌ಎಫ್‌ಪಿ ಯೋಜನೆ 2011ರ ಸೆಪ್ಟೆಂಬರ್‌ಗೆ ಮುಗಿದಿತ್ತು. 2012ರಲ್ಲಿ ನೆಬ್ರಾಸ್ಕಾ ಒಣಗಿದಾಗ ಕೈಗೆ ಏನೂ ಇರಲಿಲ್ಲ. 2014ರ ಫಾರ್ಮ್ ಬಿಲ್, ಅಂದ್ರೆ ಅಮೆರಿಕದ ಕೃಷಿ ಕಾನೂನು, ಅದನ್ನ ಕಾಯಂ ಮಾಡಿ, 2011ರ ಅಕ್ಟೋಬರ್‌ನಿಂದಲೇ ಅನ್ವಯಿಸ್ತು. ಹಳೇ ಬಾಕಿಯೆಲ್ಲ ಒಟ್ಟಿಗೆ ಬಿತ್ತು.

ವಿದ್ಯಾ: ಸರಿ. ಆದ್ರೆ ನನ್ನ ತಕರಾರು ಮಾನದಂಡದ್ದು. ಬರ ನಕ್ಷೆಯಲ್ಲಿ ಕೌಂಟಿಯ ಯಾವ ಮೂಲೆಗೆ ಡಿ3 (ಅತಿ ತೀವ್ರ ಬರ; ಅಂಕಿ ಹೆಚ್ಚಿದಷ್ಟೂ ಬರ ಜೋರು) ಬಣ್ಣ ಬಿದ್ರೂ ಇಡೀ ಕೌಂಟಿ ಅರ್ಹ. ಚೆರಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, 15,000 ಚದರ ಕಿ.ಮೀ. ಮೇಲೆ. ನೈಋತ್ಯದ ಮೂಲೆ ಒಣಗಿದ್ರೆ, ಉತ್ತರದ ವ್ಯಾಲೆಂಟೈನ್ ಊರಿನ ಹತ್ತಿರ ಮೊಣಕಾಲುದ್ದ ಹುಲ್ಲಿರೋನಿಗೂ ಹಣ!

ಮಂಜು: ಬಣ್ಣ ಬಿದ್ದ ಮಾತ್ರಕ್ಕೆ ಬರಲ್ಲ, ಆ ಹುಲ್ಲುಗಾವಲಿನ ಮೇಯುವ ಅವಧಿಯೊಳಗೇ ಬೀಳಬೇಕು. ಡಿ3 ಒಂದು ಸಲ ಬಂದ್ರೆ ಮೂರು ತಿಂಗಳ ಮೊತ್ತ. ನಾಲ್ಕು ವಾರ ಇದ್ರೆ, ಇಲ್ಲಾ ಡಿ4 ಒಂದು ಸಲ ಮುಟ್ಟಿದ್ರೆ, ನಾಲ್ಕು. ಡಿ4 ನಾಲ್ಕು ವಾರ ಇದ್ರೆ ಐದು. ಮೇವಿನ ಖರ್ಚಿನ ಶೇ 60 ಮಾತ್ರ ಕೊಡೋದು. ಅದೂ ದನದ ತಲೆ ಲೆಕ್ಕ, ಎಕರೆಗೆ ಎಷ್ಟು ದನ ಮೇಯಬಹುದು ಅನ್ನೋ ಲೆಕ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹುಲ್ಲಿಗೆ ಮೀರಿ ದನ ತುಂಬಿಸಿದ್ರೆ ಲಾಭ ಇಲ್ಲ. ಫೀಡ್‌ಲಾಟ್‌ನಲ್ಲಿ ಕೂಡಿಹಾಕಿ ಮೇವು ತಿನ್ನಿಸಿ ಕೊಬ್ಬಿಸೋ ದನ ಲೆಕ್ಕಕ್ಕೇ ಬರಲ್ಲ.

ಬಸಣ್ಣ: ಮಿತಿನೂ ನೋಡ್ರಿ. ತಲಿಗೆ ತಿಂಗಳಿಗೆ 50 ಡಾಲರ್ ಸಿಗತದ ಅಂತ ಹಿಡೀರಿ. 500 ಆಕಳು, ಐದು ತಿಂಗಳು: 1,25,000. ಒಬ್ಬರಿಗೆ ವರ್ಷಕ್ಕ ಅದಕ್ಕಿಂತ ಹೆಚ್ಚು ಕೊಡಂಗಿಲ್ಲ, ಸಾವಿರ ಆಕಳು ಇದ್ರೂ ಅಷ್ಟ. ಆದ್ರ ಪಾಲುದಾರಿಕೆಯೊಳಗ ಅಪ್ಪ, ಇಬ್ಬರು ಮಕ್ಕಳು ಇದ್ರ ಮೂರು ಮಿತಿ. ಪಟ್ಟಿಯೊಳಗ ದೊಡ್ಡ ಮೊತ್ತ ಕಂಡ್ರ ಮೊದಲು ಅದನ್ನ ಪರೀಕ್ಷಿಸ್ರಿ.

ವಿದ್ಯಾ: ಹುಲ್ಲು ಎಷ್ಟು ಹಾಳಾಯ್ತು ಅಂತ ಯಾರೂ ಅಳೆಯಲ್ಲ ಬಸಣ್ಣ, ಆ ಪ್ರಶ್ನೆ ಹಾಗೇ ಇದೆ. ಅದೇ ರಾಂಚ್ ಪಿಆರ್‌ಎಫ್ ಅನ್ನೋ ಹುಲ್ಲುಗಾವಲಿನ ಮಳೆ ವಿಮೆನೂ ತಗೋಬಹುದು, ಪ್ರೀಮಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರದ್ದು. ಒಂದೇ ಬರಕ್ಕೆ ಎರಡು ಕಡೆಯಿಂದ ಹಣ.

ಮಂಜು: ಉಳಿದ ಪ್ರೀಮಿಯಂ ಅವನ ಜೇಬಿಂದಲೇ ತಾನೆ? ಅಲ್ಲಿ ಎರಡೆರಡು ತಿಂಗಳ ಅವಧಿ ಮೊದಲೇ ಆರಿಸಬೇಕು. ಮಾರ್ಚ್-ಏಪ್ರಿಲ್, ಮೇ-ಜೂನ್‌ಗಷ್ಟೇ ವಿಮೆ ಮಾಡಿಸಿ, ಆಗ ಮಳೆ ಚೆನ್ನಾಗಿ ಬಂದು ಜುಲೈ-ಆಗಸ್ಟ್ ಒಣಗಿದ್ರೆ ಬಿಡಿಗಾಸೂ ಇಲ್ಲ.

ವಿದ್ಯಾ: ಆದ್ರೂ ಆ ವಿಮೆ 0.25 ಡಿಗ್ರಿಯ ಚೌಕ ನೋಡುತ್ತೆ, ಚೆರಿಯೊಳಗೆ ಅಂಥವು ಇಪ್ಪತ್ತಕ್ಕೂ ಹೆಚ್ಚು. ನಮ್ಮ ಫಸಲ್ ಬಿಮಾದಲ್ಲೂ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಅದೇ ಅಮೆರಿಕದ ಕೃಷಿ ಇಲಾಖೆಗೆ ಮೇವು ಪರಿಹಾರಕ್ಕೆ ಮಾತ್ರ ಇಡೀ ಕೌಂಟಿ ಯಾಕೆ? ಅಲ್ಲಿನ 2025ರ ಕಾನೂನು ಇದನ್ನ ಮುಟ್ಟಲೇ ಇಲ್ಲ. ಡಿ3ಗಿಂತ ಒಂದು ಮೆಟ್ಟಿಲು ಕೆಳಗಿನ ಡಿ2ಕ್ಕೆ ಸತತ ಎಂಟು ವಾರ ಬೇಕಿದ್ದದ್ದನ್ನ ನಾಲ್ಕಕ್ಕೆ ಇಳಿಸಿ, ಇನ್ನೂ ಸಲೀಸು ಮಾಡಿತು.

ಬಸಣ್ಣ: ಬರ ನಕ್ಷೆ ಹೊಲದ ಮಟ್ಟಕ್ಕ ಬರೆದದ್ದಲ್ಲ ವಿದ್ಯಾ. ವಾರಕ್ಕೊಮ್ಮೆ ಮಳೆ, ತೇವ, ಸ್ಥಳೀಯ ವರದಿ ನೋಡಿ ಗೆರಿ ಎಳೀತಾರ. ಗೆರಿಯ ಈಚೆ ಇದ್ದವಗ ಸೊನ್ನೆ, ಆಚೆ ಇದ್ದವಗ ಪೂರ್ತಿ ಅಂದ್ರ ಬೇಲಿ ಬೇಲಿಗೂ ಮೇಲ್ಮನವಿ ಬರ್ತಾವ. ಆದ್ರ ರೈತರು ಇಲಾಖೆಗೆ ಕೊಡೋ ಎಕರೆ ವರದಿ ಈಗಲೂ ಹೊಲದ ನಂಬರ್ ಪ್ರಕಾರನ ಕೊಡತಾರ. ಹಂಗಾಗಿ ಚೌಕದ ಲೆಕ್ಕ ಅಸಾಧ್ಯ ಏನಲ್ಲ.

ಮಂಜು: ಚೌಕ ಬೇಕಾದ್ರೆ ಮಾಡ್ಲಿ, ಬರಕ್ಕೆ ದನ ಮಾರಿದವನಿಗೆ ಆ ಪರಿಹಾರ ದರದ ಶೇ 80 ಕೊಡೋ ನಿಯಮ ಮಾತ್ರ ತೆಗೀಬಾರದು. ಅದಿಲ್ಲದಿದ್ರೆ ಪರಿಹಾರದ ಆಸೆಗೆ ದನ ಇಟ್ಕೊಂಡೇ ಕೂರ್ತಾರೆ. ಚೆರಿ ಇರೋ ಸ್ಯಾಂಡ್‌ಹಿಲ್ಸ್ ಪ್ರದೇಶದ ನೆಲ ಬರೀ ಮರಳು. ಹುಲ್ಲಿನ ಬೇರು ಸತ್ತ ಜಾಗದಲ್ಲಿ ಗಾಳಿ ಗುಂಡಿ ತೋಡುತ್ತೆ, ಅದು ಮತ್ತೆ ಹಸಿರಾಗೋಕೆ ವರ್ಷಗಟ್ಟಲೆ ಬೇಕು.

ವಿದ್ಯಾ: ಅದು ಇರಲಿ, ನನ್ನದೂ ತಕರಾರಿಲ್ಲ. ಬರದ ಕಾರಣಕ್ಕೇ ಮಾರಿದ್ದು ಅಂತ ಹೇಗೆ ತೋರಿಸ್ತಾರೆ?

ಬಸಣ್ಣ: ಮಾರಿದ ರಸೀದಿ, ತಾರೀಖು, ತಲಿ ಎಷ್ಟು ಅನ್ನೋದು. ಆ ದನ ಅವನ ಹತ್ರ ಇದ್ದದ್ದಕ್ಕ ದಾಖಲೆನೂ ಬೇಕು.