ರೂಟ್ ಕೆನಾಲ್ ಕೈಕೊಟ್ಟ ಹಲ್ಲು ಕೀಳಿಸಿ ನಾಲ್ಕನೇ ದಿನ: ನೋವು ಇಳಿಯುವ ಬದಲು ಏರುತ್ತಿದೆ ಯಾಕೆ?

ಪ್ರಶ್ನೆ (ದಾವಣಗೆರೆ, 42 ವರ್ಷ, ಗೃಹಿಣಿ):
ಡಾಕ್ಟ್ರೇ, ನಮಸ್ಕಾರ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಎರಡು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿದ್ದೆ. ಕ್ಯಾಪ್ ಹಾಕಿಸಿಕೊಳ್ಳಿ ಎಂದಿದ್ದರು. ಆಗ ಮಗಳ ಕಾಲೇಜ್ ಫೀಸ್ ಕಟ್ಟಬೇಕಿತ್ತು, ಆಮೇಲೆ ನೋಡೋಣ ಎಂದು ಬಿಟ್ಟೆ. ನೋವೇ ಇರಲಿಲ್ಲ, ಮರೆತೇ ಹೋಯಿತು. ಹೋದ ತಿಂಗಳು ನಿಪ್ಪಟ್ಟು ಕಡಿಯುವಾಗ ಟಕ್ ಎಂದಿತು. ವಾರದಲ್ಲಿ ಒಸಡಿನ ಮೇಲೆ ಗುಳ್ಳೆ ಎದ್ದು ಕೀವು ಬಂತು. ಎಕ್ಸ್‌ರೇ ತೆಗೆದು, ಒಸಡಿನ ಸಂದಿಗೆ ಸಣ್ಣ ಕಡ್ಡಿ ಹಾಕಿ ನೋಡಿ, ಬೇರು ಉದ್ದಕ್ಕೆ ಸೀಳಿದೆ, ಕೀಳುವುದೇ ದಾರಿ ಎಂದರು.

ಸೋಮವಾರ ಬೆಳಿಗ್ಗೆ ಕಿತ್ತರು. ಮುಕ್ಕಾಲು ಗಂಟೆ ಹಿಡಿಯಿತು, ಚೂರು ಚೂರಾಗಿ ಬಂತು. ಎರಡು ಹೊಲಿಗೆ ಹಾಕಿದ್ದಾರೆ. ಮಂಗಳವಾರ ಪರವಾಗಿಲ್ಲ ಅನ್ನಿಸಿತ್ತು. ಬುಧವಾರ ರಾತ್ರಿಯಿಂದ ಕಿವಿಯವರೆಗೂ ಸಿಡಿತ. ಮಾತ್ರೆ ನುಂಗಿದರೆ ಎರಡು ಗಂಟೆ ನೆಮ್ಮದಿ, ಅಷ್ಟೇ. ಬಾಯಿ ವಾಸನೆ ಬೇರೆ. ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗುಳಿಯಲ್ಲಿ ಬೆಳ್ಳಗೆ ಏನೋ ಕಾಣುತ್ತಿದೆ. ಕೀವಾ ಅದು? ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಡು ಅಂತಾರೆ ಅತ್ತೆ. ಇಡಬಹುದಾ? ಅಷ್ಟು ದುಡ್ಡು ಸುರಿದು ಕೊನೆಗೆ ಕೀಳಿಸಿದೆನಲ್ಲ ಅನ್ನೋ ಬೇಜಾರೂ ಇದೆ.

ಉತ್ತರ (ದಂತವೈದ್ಯ):
ಮೇಡಂ, ಮೊದಲು ಮೂರು ವಿಷಯ ಹೇಳಿ. ಜ್ವರ ಇದೆಯಾ? ಬಾಯಿ ಎಷ್ಟು ತೆರೆಯಲು ಆಗುತ್ತದೆ? ಕಿತ್ತ ದಿನ ಬಾಯಿ ಮುಕ್ಕಳಿಸಿದಿರಾ?

ಪ್ರಶ್ನೆ ಕೇಳಿದವರು:
ಜ್ವರ ಇಲ್ಲ. ಬಾಯೊಳಗೆ ಎರಡು ಬೆರಳು ಹಿಡಿಸುತ್ತದೆ. ಸೋಮವಾರ ಸಂಜೆ ರಕ್ತದ ರುಚಿಗೆ ಹೇಸಿಗೆಯಾಗಿ ಬಿಸಿ ಉಪ್ಪುನೀರಲ್ಲಿ ಐದಾರು ಸಲ ಗಳಗಳ ಅಂತ ಮುಕ್ಕಳಿಸಿದೆ. ಒಳ್ಳೇದೇ ಅಲ್ವಾ ಅಂದುಕೊಂಡೆ.

ಉತ್ತರ:
ಉಪ್ಪುನೀರು ಒಳ್ಳೆಯದೇ. ಒಂದು ದಿನ ತಡವಾಗಿ ಶುರು ಮಾಡಬೇಕಿತ್ತು.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಳಗಿನ ಮೂಳೆಗೂ ನರದ ತುದಿಗಳಿಗೂ ಆ ಹೆಪ್ಪೇ ಹೊದಿಕೆ. ಅದರ ಮೇಲೇ ಹೊಸ ಮಾಂಸ ಬೆಳೆಯಬೇಕು. ನಿಮಗೆ ಗೊತ್ತಿರುವ ವಿಷಯವೇ: ಹೆಪ್ಪು ಹಾಕಿದ ಹಾಲನ್ನು ಮೊಸರಾಗುವ ಮೊದಲೇ ಕದಡಿದರೆ ಗಟ್ಟಿಯಾಗಿ ಕೂರುತ್ತದೆಯೇ? ಅದಕ್ಕೇ ಮೊದಲ 24 ಗಂಟೆ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು.

ಎರಡು ದಿನ ಸುಮಾರಾಗಿದ್ದು ಆಮೇಲೆ ಏರುವ ನೋವು, ಕಿವಿಗೆ ಹರಿಯುವ ಸಿಡಿತ, ಕೆಟ್ಟ ವಾಸನೆ, ಜ್ವರ ಇಲ್ಲ. ಇದನ್ನು ನಾವು ಡ್ರೈ ಸಾಕೆಟ್ ಎನ್ನುತ್ತೇವೆ, ಅಂದರೆ ಹೆಪ್ಪು ಹೋಗಿ ಬರಿದಾದ ಗುಳಿ. ಕೆಳಗಿನ ದವಡೆ ಹಲ್ಲುಗಳಲ್ಲಿ, ಕಷ್ಟಪಟ್ಟು ಕಿತ್ತಾಗ ಇದು ಜಾಸ್ತಿ. ರೂಟ್ ಕೆನಾಲ್ ಆದ ಹಲ್ಲು ಹಳೇ ಕಟ್ಟಿಗೆಯ ಹಾಗೆ, ಇಕ್ಕಳ ಹಿಡಿದರೆ ಪುಡಿಯಾಗುತ್ತದೆ. ಚೂರು ಚೂರಾಗಿ ಬಂತು ಅಂದರೆ ಡಾಕ್ಟರ ಕೈ ಕೆಟ್ಟದ್ದು ಅಂತಲ್ಲ. ನೀವು ಮುಕ್ಕಳಿಸದೇ ಇದ್ದಿದ್ದರೂ ಇದು ಆಗಬಹುದಿತ್ತು, ಆ ತಪ್ಪನ್ನೇ ತಲೆಗೆ ಹಚ್ಚಿಕೊಳ್ಳಬೇಡಿ.

ಆ ಬಿಳಿ. ಗುಳಿ ವಾಸಿಯಾಗುವಾಗ ಮೇಲೆ ಬಿಳಿ-ಹಳದಿ ಮೆತ್ತನೆ ಪದರ ಬರುವುದು ಸಹಜ, ಅದು ಕೀವಲ್ಲ. ಖಾಲಿ ಗುಳಿಯಲ್ಲಿ ಮೂಳೆಯೂ ಬೆಳ್ಳಗೇ ಕಾಣುತ್ತದೆ. ಎರಡರಲ್ಲಿ ಯಾವುದು ಅಂತ ಬಾಯಿ ನೋಡಿದವರೇ ಹೇಳಬೇಕು. ದಯವಿಟ್ಟು ಕಡ್ಡಿ, ಪಿನ್ನು ಹಾಕಿ ಕೆದಕಬೇಡಿ.

ನಾಳೆ ಬೆಳಿಗ್ಗೆ ಕಿತ್ತವರ ಹತ್ತಿರವೇ ಹೋಗಿ. ಗುಳಿಯನ್ನು ಸಲೈನಿನಲ್ಲಿ ತೊಳೆದು ಔಷಧಿಯ ಡ್ರೆಸ್ಸಿಂಗ್ ಇಡುತ್ತಾರೆ. ಆ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಇರುವುದು ಯೂಜಿನಾಲ್, ಅಂದರೆ ಲವಂಗದ ಎಣ್ಣೆಯ ಸಾರ! ನಿಮ್ಮ ಅತ್ತೆಯ ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ಮನೆಯ ಎಣ್ಣೆಯನ್ನು ನೇರ ಗಾಯಕ್ಕೆ ಇಟ್ಟರೆ ಒಸಡು ಸುಡುತ್ತದೆ, ಹತ್ತಿಯ ಎಳೆ ಒಳಗೆ ಉಳಿಯುತ್ತದೆ. ಆಂಟಿಬಯೋಟಿಕ್ ಬದಲಿಸಿ ಕೊಡಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಬೇಡಿ. ಇದು ಸೋಂಕಿನ ನೋವಲ್ಲ, ಹೊದಿಕೆ ಹೋದ ಮೂಳೆಯ ನೋವು.

ನೋವಿನ ಮಾತ್ರೆ ಎರಡು ಗಂಟೆಗೊಮ್ಮೆ ನುಂಗಬೇಡಿ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ, ಹೆಚ್ಚಿನ ಮಿಶ್ರ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ತಲೆನೋವಿಗೆಂದು ಬೇರೆ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಅದೂ ಲೆಕ್ಕಕ್ಕೆ ಸೇರುತ್ತದೆ. ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ.

ಗದ್ದದ ಕೆಳಗೆ ಊತ, ನುಂಗಲು ಕಷ್ಟ, ಉಸಿರಿಗೆ ತೊಂದರೆ, ಜ್ವರ: ಇವು ಬಂದರೆ ಬೆಳಿಗ್ಗೆವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನು ದುಡ್ಡಿನ ಬೇಜಾರು. ಕ್ಯಾಪ್ ಹಾಕಿಸಿದ್ದರೆ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು, ಸುಳ್ಳು ಹೇಳುವುದಿಲ್ಲ. ಬರೀ ಒಳಗಿನ ಸೋಂಕು ಮರಳಿದ್ದರೆ ಇನ್ನೊಮ್ಮೆ ರೂಟ್ ಕೆನಾಲ್ ಮಾಡಿ ನೋಡಬಹುದಿತ್ತು. ಬೇರು ಉದ್ದಕ್ಕೆ ಸೀಳಿದ ಮೇಲೆ ಸಾಮಾನ್ಯವಾಗಿ ಕೀಳಲೇಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಸರ್, ಅಪ್ಪನಿಗೆ 68. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಅವರದೂ ರೂಟ್ ಕೆನಾಲ್ ಕೆಟ್ಟ ಹಲ್ಲು, ಮೇಲಿನದು. ನಾಲ್ಕು ದಿನ ಮಾತ್ರೆ ನಿಲ್ಲಿಸಿ ಕೀಳಿಸೋಣವಾ? ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಹೆದರಿದ್ದಾರೆ.

ಉತ್ತರ:
ನೀವಾಗಿ ಒಂದು ಹೊತ್ತಿನ ಮಾತ್ರೆಯನ್ನೂ ನಿಲ್ಲಿಸಬೇಡಿ. ಹಲ್ಲಿನ ರಕ್ತವನ್ನು ಗಾಜ್ ಬಟ್ಟೆ ಕಚ್ಚಿಸಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನಲ್ಲಿ ರಕ್ತ ಗಟ್ಟಿಯಾದರೆ ಜೀವಕ್ಕೇ ಕುತ್ತು. ಮಾತ್ರೆಯ ಹೆಸರು ಹಲ್ಲಿನ ಡಾಕ್ಟರಿಗೆ ತೋರಿಸಿ, ಅವರು ಹೃದಯದ ಡಾಕ್ಟರ ಜೊತೆ ಮಾತಾಡುತ್ತಾರೆ. ಕಣ್ಣಿಗೂ ಹಲ್ಲು ಕೀಳುವುದಕ್ಕೂ ಸಂಬಂಧವಿಲ್ಲ. ಮೇಲಿನ ದವಡೆ ಹಲ್ಲಿನ ಬೇರು ಸೈನಸ್‌ಗೆ, ಅಂದರೆ ಮೂಗಿಗೆ ಸೇರಿದ ಕೆನ್ನೆಯೊಳಗಿನ ಗಾಳಿಗೂಡಿಗೆ ಹತ್ತಿರ, ಅಷ್ಟೇ. ಕಿತ್ತ ಮೇಲೆ ಕುಡಿದ ನೀರು ಮೂಗಿನಲ್ಲಿ ಬಂದರೆ ಮೂಗು ಸೀಟದೆ ತಕ್ಷಣ ತೋರಿಸಿ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ. ಗಾಯ ಮಾಯುವುದಕ್ಕೆ ಅದು ದೊಡ್ಡ ಅಡ್ಡಿ.

ಪ್ರಶ್ನೆ ಕೇಳಿದವರು (ಶುಕ್ರವಾರ ಸಂಜೆ):
ಬೆಳಿಗ್ಗೆ ಹೋಗಿ ಬಂದೆ ಡಾಕ್ಟ್ರೇ. ಡ್ರೈ ಸಾಕೆಟ್ ಎಂದೇ ಹೇಳಿದರು. ಔಷಧಿ ಇಟ್ಟ ಅರ್ಧ ಗಂಟೆಗೆ ಅರ್ಧ ನೋವು ಇಳಿಯಿತು. ಬಾಯೆಲ್ಲ ಲವಂಗದ ವಾಸನೆ, ಅತ್ತೆ "ನಾನು ಹೇಳಲಿಲ್ವಾ" ಅಂತ ನಗುತ್ತಿದ್ದಾರೆ. ಭಾನುವಾರ ಬದಲಿಸುತ್ತಾರಂತೆ. ಊಟ ಏನು ಮಾಡಲಿ? ಹೊಸ ಹಲ್ಲು ಯಾವಾಗ?

ಉತ್ತರ:
ಮೊಸರನ್ನ, ಗಂಜಿ, ಹಾಲಲ್ಲಿ ನೆನೆಸಿದ ಇಡ್ಲಿ. ರಾಗಿ ಮುದ್ದೆ ಉಗುರುಬೆಚ್ಚಗಿದ್ದರೆ ಬಹಳ ಒಳ್ಳೆಯದು, ಅಗಿಯುವ ಗೋಜೇ ಇಲ್ಲ. ಸಾರಿಗೆ ಖಾರ ಕಡಿಮೆ ಮಾಡಿ. ಮಂಡಕ್ಕಿ ಎರಡು ವಾರ ಬೇಡ, ಚೂರು ಹೋಗಿ ಗುಳಿಯಲ್ಲಿ ಕೂರುತ್ತದೆ. ದಾವಣಗೆರೆಯವರಿಗೆ ಇದು ಶಿಕ್ಷೆ ಅಂತ ಗೊತ್ತು.

ಒಸಡು ಮುಚ್ಚಲು ಮೂರ್ನಾಲ್ಕು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳು ಬೇಕು. ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಆದರೆ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳ ನಂತರ. ತೀರಾ ವರ್ಷಗಟ್ಟಲೆ ಬಿಟ್ಟರೆ ಆ ಜಾಗದ ಮೂಳೆ ಸವೆಯುತ್ತದೆ, ಪಕ್ಕದ ಹಲ್ಲು ವಾಲುತ್ತದೆ. ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಬೇಕಾ, ಇಂಪ್ಲಾಂಟ್ ಬೇಕಾ ಎಂಬ ಮಾತನ್ನು ಹೊಲಿಗೆ ಬಿಚ್ಚುವ ದಿನವೇ ಕೇಳಿಡಿ. ಈ ಸಲ "ಆಮೇಲೆ ನೋಡೋಣ" ಬೇಡ.

ಪ್ರಶ್ನೆ ಕೇಳಿದವರು:
ಸರಿ ಡಾಕ್ಟ್ರೇ. ಮಗಳು ಈಗಲೇ ಫೋನಿನಲ್ಲಿ ತಾರೀಖು ಹಾಕಿಟ್ಟಿದ್ದಾಳೆ.