‘ಪಾಯಿಂಟ್ ಆಫ್ ಕಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಮ್ಮಾಮ್‌ನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಹೋದ ವಾರ ಒಂದು ಮನವಿಪತ್ರದ ಕರಡು ಕಳಿಸಿದ. ಗಲ್ಫ್ ದೇಶಗಳ ಕಂಪನಿಗಳ ವಿಮಾನವೂ ಮಂಗಳೂರಿಗೆ ಬರುವಂತಾಗಲಿ ಎಂದು ಅವನೂ ಅವನ ಜೊತೆಯವರೂ ಸೇರಿ ಬರೆದದ್ದು. ಮೂಲ ಇಂಗ್ಲಿಷಿನಲ್ಲಿತ್ತು, ಕನ್ನಡದ ಪ್ರತಿಯನ್ನು ಯಾರೋ ಅವಸರದಲ್ಲಿ ಮಾಡಿದ್ದರು. ಮೂಲದ ‘ಪಾಯಿಂಟ್ ಆಫ್ ಕಾಲ್’ ಅದರ ಎರಡನೆಯ ಸಾಲಿನಲ್ಲೇ ‘ಕರೆಯ ಬಿಂದು’ ಆಗಿತ್ತು: ‘ಮಂಗಳೂರನ್ನು ಕರೆಯ ಬಿಂದು ಎಂದು ಘೋಷಿಸಬೇಕು’. ಫೋನಿನಲ್ಲಿ ಅವನೇ ಕೇಳಿದ: “ಮಾವ, ಕರೆಯ ಬಿಂದು ಅಂದ್ರೆ ಎಂತದು? ಓದಿದವರು ಮೊಬೈಲ್ ಟವರಿನ ಸಂಗತಿ ಅಂತ ತಿಳ್ಕೊಳ್ಳುವುದಿಲ್ವಾ?”

ತಿದ್ದಿಕೊಡುತ್ತೇನೆ ಎಂದು ಕೂತೆ. ಒಂದು ಪದ ಹುಡುಕಲು ಹೊರಟವನಿಗೆ ಅದರ ಹಿಂದೆ ಇಡೀ ಒಂದು ಕುಟುಂಬವೇ ಕಂಡಿತು. ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇನೆ. ಸಂಗತಿ ತಿಳಿಯದೆ ಪದ ಕಟ್ಟಿದರೆ ‘ಕರೆಯ ಬಿಂದು’ವಿನಂಥದ್ದೇ ಹುಟ್ಟುತ್ತದೆ, ಹಾಗಾಗಿ ಮೊದಲು ಸಂಗತಿ.

1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ 52 ದೇಶಗಳು ಸಹಿ ಹಾಕಿದ ಒಡಂಬಡಿಕೆಯೇ ಈ ವ್ಯವಹಾರಕ್ಕೆ ಇಂದಿಗೂ ಬುನಾದಿ. ತನ್ನ ನೆಲದ ಮೇಲಿನ ಬಾನಿನಲ್ಲಿ ಪ್ರತಿ ದೇಶಕ್ಕೂ ಪೂರ್ತಿಯಾದ, ಬೇರೆ ಯಾರಿಗೂ ಪಾಲಿಲ್ಲದ ಒಡೆತನವಿದೆ ಎಂದು ಅದರ ಮೊದಲ ವಿಧಿ ಹೇಳುತ್ತದೆ. ವೇಳಾಪಟ್ಟಿ ಇಟ್ಟುಕೊಂಡು ಓಡುವ ವಿಮಾನ ಇನ್ನೊಂದು ದೇಶವನ್ನು ಹಾಯ್ದು ಹೋಗಲಿ, ಅಲ್ಲಿ ಇಳಿಯಲಿ, ಆ ದೇಶ ಒಪ್ಪಿಗೆ ಕೊಡದೆ ಆಗದು ಎಂಬುದು ಆರನೆಯ ವಿಧಿ. ಆದ್ದರಿಂದ ಎರಡು ಸರ್ಕಾರಗಳು ಕೂತು ಮಾತಾಡಿಕೊಳ್ಳಬೇಕು. 1946ರಲ್ಲಿ ಬ್ರಿಟನ್ ಮತ್ತು ಅಮೆರಿಕ ಬರ್ಮುಡಾದಲ್ಲಿ ಮಾಡಿಕೊಂಡ ಒಪ್ಪಂದ ಇಂಥವಕ್ಕೆಲ್ಲ ಮಾದರಿಯಾಯಿತು. ಯಾವ ಊರಿಂದ ಯಾವ ಊರಿಗೆ, ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ಸಲ, ಯಾವ ಕಂಪನಿ, ಎಲ್ಲವೂ ಈ ದ್ವಿಪಕ್ಷೀಯ ಒಪ್ಪಂದದಲ್ಲಿ ಇರುತ್ತವೆ. ಈ ಒಪ್ಪಂದದ ಪಟ್ಟಿಯಲ್ಲಿ ಹೆಸರು ಇರುವ ಊರೇ ಪಾಯಿಂಟ್ ಆಫ್ ಕಾಲ್.

ಇಲ್ಲಿಯ ‘ಕಾಲ್’ಗೂ ಕೂಗಿ ಕರೆಯುವುದಕ್ಕೂ ಸಂಬಂಧವಿಲ್ಲ. ಅದು ಹಡಗಿನವರ ಮಾತು. ಸರಕು ಇಳಿಸಲೋ ನೀರು ತುಂಬಿಕೊಳ್ಳಲೋ ಹಡಗು ದಾರಿಯಲ್ಲಿ ಒಂದು ಬಂದರಿಗೆ ಬಂದು ಹೋದರೆ ಆ ಬಂದರಿಗೆ ‘ಪೋರ್ಟ್ ಆಫ್ ಕಾಲ್’ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಯಾರದಾದರೂ ಮನೆಗೆ ಹೋಗಿ ಬರುವುದಕ್ಕೂ ಅದೇ ಕ್ರಿಯಾಪದ. ನಮ್ಮ ಕಡೆ ‘ಹೋಗುವ ದಾರಿಯಲ್ಲಿ ಅಕ್ಕನ ಮನೆ ಹೊಕ್ಕು ಹೋದೆ’ ಎಂಬಲ್ಲಿರುವ ‘ಹೊಕ್ಕು ಹೋಗು’ ಅದಕ್ಕೆ ಸರಿಯಾದ ಜೋಡಿ. ವಿಮಾನದವರು ಹಡಗಿನವರಿಂದ ಆ ಪದ ಎತ್ತಿಕೊಂಡು ‘ಪೋರ್ಟ್’ ಇದ್ದಲ್ಲಿ ‘ಪಾಯಿಂಟ್’ ಇಟ್ಟರು.

ಮಂಗಳೂರಿನ ಮಟ್ಟಿಗೆ ಈ ಪದ ಏಕೆ ಮುಖ್ಯ? ಇಲ್ಲಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ 2006ರಲ್ಲೇ ದುಬೈಗೆ ವಿಮಾನ ಶುರುವಾಯಿತು. ಸುಂಕದವರು, ವಲಸೆ ತಪಾಸಣೆಯವರು ಎಲ್ಲರೂ ಇದ್ದಾರೆ, ಹೆಸರಿನಲ್ಲೇ ‘ಅಂತರರಾಷ್ಟ್ರೀಯ’ ಇದೆ. ಆದರೂ ಗಲ್ಫ್‌ಗೆ ಹಾರುವುದು ನಮ್ಮ ದೇಶದ ಕಂಪನಿಗಳೇ. ಭಾರತದ ಕಂಪನಿ ಭಾರತದ ಯಾವ ಊರಿಂದಲಾದರೂ ಹೊರಡಬಹುದು, ವಿದೇಶಿ ಕಂಪನಿ ಮಾತ್ರ ಒಪ್ಪಂದದ ಪಟ್ಟಿಯಲ್ಲಿರುವ ಊರುಗಳಿಗೇ ಬರಬೇಕು. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರಿನದೂ ಇದೇ ಕತೆ. ವಿರಾಜಪೇಟೆ ಕಡೆಯವರಿಗೆ ಅದೇ ಹತ್ತಿರದ ವಿಮಾನ ನಿಲ್ದಾಣವಾದ್ದರಿಂದ ಕೊಡಗಿನಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ಮೆಟ್ರೊ ಅಲ್ಲದ ಊರುಗಳನ್ನು ಹೊಸದಾಗಿ ವಿದೇಶಿ ಕಂಪನಿಗಳಿಗೆ ತೆರೆಯುವುದಿಲ್ಲ ಎಂದು ಕೇಂದ್ರ ಸರ್ಕಾರ ಕಣ್ಣೂರಿನ ಬೇಡಿಕೆಗೆ ಉತ್ತರ ಕೊಟ್ಟಿದೆ. ದುಬೈ ಕಂಪನಿಯ ವಿಮಾನ ಹತ್ತಿದವರು ದುಬೈಯಲ್ಲೇ ಇಳಿಯುತ್ತಾರೆಂದಿಲ್ಲ, ಅಲ್ಲಿಂದ ಲಂಡನ್ನಿಗೋ ನ್ಯೂಯಾರ್ಕಿಗೋ ಮುಂದುವರಿಯುತ್ತಾರೆ, ಆ ಪ್ರಯಾಣಿಕರು ನಮ್ಮ ಕಂಪನಿಗಳ ಕೈತಪ್ಪುತ್ತಾರೆ ಎಂಬುದು ಸರ್ಕಾರದ ಚಿಂತೆ. ಊರಿನವರ ಚಿಂತೆ ಟಿಕೆಟ್ಟಿನ ದರದ್ದು. ಎರಡಕ್ಕೂ ತೂಕವಿದೆ. ಈ ವಾದವನ್ನು ಕನ್ನಡದಲ್ಲಿ ಸರಿಯಾಗಿ ನಡೆಸಲು ಪದಗಳಿಲ್ಲವಲ್ಲ ಎಂಬುದು ನನ್ನ ಸಂಕಟ.

ಏಕೆಂದರೆ ನಮ್ಮ ಸುದ್ದಿಗಳಲ್ಲಿ ಎಲ್ಲದಕ್ಕೂ ಒಂದೇ ಪದ: ಅನುಮತಿ. ‘ಮಂಗಳೂರಿಗೆ ಅಂತರರಾಷ್ಟ್ರೀಯ ಹಾರಾಟಕ್ಕೆ ಅನುಮತಿ ಇದೆ’ ಎಂದು ಒಂದು ಕಡೆ, ‘ವಿದೇಶಿ ಹಾರಾಟಕ್ಕೆ ಅನುಮತಿ ಇಲ್ಲ’ ಎಂದು ಇನ್ನೊಂದು ಕಡೆ ಓದಿದವರು ಯಾವುದನ್ನು ನಂಬಬೇಕು? ಎರಡೂ ನಿಜ. ಮೊದಲನೆಯದು 1962ರ ಸುಂಕ ಕಾಯ್ದೆಯ ಅಡಿ ಆ ವಿಮಾನ ನಿಲ್ದಾಣದಲ್ಲಿ ಸುಂಕದ ಕಟ್ಟೆ ಇಡಬಹುದು ಎಂಬ ಅಧಿಸೂಚನೆ. ಎರಡನೆಯದು ಒಪ್ಪಂದದ ಪಟ್ಟಿಯಲ್ಲಿ ಊರಿನ ಹೆಸರಿಲ್ಲ ಎಂಬ ಮಾತು. ಇವೆರಡರ ಆಚೆಗೂ ಬಾಗಿಲುಗಳಿವೆ. ಕಂಪನಿಗೆ ಅರ್ಹತೆ ಬೇಕು: 2016ರ ನೀತಿಯ ಪ್ರಕಾರ 20 ವಿಮಾನಗಳನ್ನೋ ತನ್ನ ಒಟ್ಟು ಸೀಟುಗಳಲ್ಲಿ ನೂರಕ್ಕೆ 20ನ್ನೋ, ಯಾವುದು ಹೆಚ್ಚೋ ಅಷ್ಟನ್ನು, ದೇಶದೊಳಗಿನ ಹಾರಾಟಕ್ಕೆ ಇಟ್ಟ ಭಾರತೀಯ ಕಂಪನಿ ಮಾತ್ರ ಹೊರದೇಶಕ್ಕೆ ಹಾರಬಹುದು. ಆ ನೀತಿ ಬರುವ ಮೊದಲು, ಐದು ವರ್ಷ ದೇಶದೊಳಗೆ ಹಾರಿರಬೇಕು ಎಂಬ ಷರತ್ತೂ ಇತ್ತು. ಆಮೇಲೆ ಸರ್ಕಾರ ಆ ಕಂಪನಿಯ ಹೆಸರನ್ನು ಎದುರು ದೇಶಕ್ಕೆ ತಿಳಿಸಬೇಕು. ಸೀಟಿನ ಪಾಲು ಉಳಿದಿರಬೇಕು: ದುಬೈಗಾದರೆ ಎರಡೂ ಕಡೆಯವರಿಗೆ ತಲಾ ವಾರಕ್ಕೆ ಸುಮಾರು 65,000 ಸೀಟು, ಕುವೈತಿಗೆ 12,000 ಇದ್ದದ್ದು 2025ರಲ್ಲಿ 18,000 ಆಯಿತು. ವೇಳಾಪಟ್ಟಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಬೇಕು. ಕಡೆಗೆ, ಇಳಿಯುವ ಊರಿನ ರನ್‌ವೇಯಲ್ಲಿ ಹೊತ್ತು ಸಿಗಬೇಕು. ಇಷ್ಟು ಬಾಗಿಲಿಗೂ ‘ಅನುಮತಿ’ ಎಂಬ ಒಂದೇ ಬೀಗದ ಕೈ ಹಿಡಿದು ನಿಂತರೆ ಓದುಗರಿಗೆ ಯಾವ ಬಾಗಿಲು ಮುಚ್ಚಿದೆ ಎಂದೇ ತಿಳಿಯುವುದಿಲ್ಲ.

ಈ ಪದಗಳನ್ನೆಲ್ಲ ನಾನು ಬಹಳ ಹಿಂದೆಯೇ ಕೇಳಿದ್ದೆ ಎಂದು ಹೊಳೆದದ್ದು ಸೋದರಮಾವನ ಬಸ್ಸು ನೆನಪಾದಾಗ. ಅವರದು ಕಾರ್ಕಳದಿಂದ ಮಂಗಳೂರಿಗೆ ಓಡುವ ಒಂದು ಬಸ್ಸಿತ್ತು. ಚಾಲಕನ ತಲೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ ಮಡಚಿಟ್ಟ ಒಂದು ಕಾಗದ. ಮಡಿಕೆ ಬಿದ್ದಲ್ಲಿ ಅಕ್ಷರ ಸವೆದಿತ್ತು. ಎಲ್ಲಿಂದ ಹೊರಡಬೇಕು, ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಊರು ಬಿಡಬೇಕು ಎಂದೆಲ್ಲ ಅದರಲ್ಲಿ ಟೈಪು ಮಾಡಿತ್ತು. ಬಸ್ಸಿನವರ ಬಾಯಲ್ಲಿ ಅದು ‘ಪರ್ಮಿಟ್ಟು’. ಸಾರಿಗೆ ಇಲಾಖೆಯ ಕನ್ನಡದಲ್ಲಿ ‘ರಹದಾರಿ’. ನಿಮಿಷದ ಲೆಕ್ಕ ‘ಟೈಮಿಂಗ್’. ಎರಡು ನಿಮಿಷ ಮುಂಚೆ ಬಂದು ಜನ ಎತ್ತಿಕೊಂಡು ಹೋದ ಬಸ್ಸಿನವರ ಮೇಲೆ ಮಾವ ಹೇಳುತ್ತಿದ್ದ ದೂರು ‘ನಮ್ಮ ಟೈಮಿಂಗ್ ತಿಂದ’ ಎಂದು. ರಾಜ್ಯ ದಾಟುವ ಬಸ್ಸಾದರೆ ಇನ್ನೂ ಒಂದು ಹೆಜ್ಜೆ: ಎರಡು ರಾಜ್ಯಗಳ ನಡುವೆ ಒಪ್ಪಂದವಿರಬೇಕು, ಒಂದು ರಾಜ್ಯ ಕೊಟ್ಟ ರಹದಾರಿಗೆ ಇನ್ನೊಂದು ರಾಜ್ಯ ಮೇಲುರುಜು ಹಾಕಬೇಕು. ಕಾಸರಗೋಡಿನ ಕಡೆ ಬಸ್ಸು ಓಡಿಸಿದವರಿಗೆ ಷಿಕಾಗೊ ಒಡಂಬಡಿಕೆಯ ಆರನೆಯ ವಿಧಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಸೂಚನೆ ಇದು. ಎರಡು ದೇಶಗಳ ನಡುವೆ ಕೊಟ್ಟು ತೆಗೆದುಕೊಳ್ಳುವುದು ‘ಹಕ್ಕು’. ಆ ಹಕ್ಕಿನ ಅಡಿಯಲ್ಲಿ ಸರ್ಕಾರ ಒಂದು ಕಂಪನಿಗೆ ಕೊಡುವುದು ‘ರಹದಾರಿ’. ಕಂಪನಿ ತಾನೇ ಸಿದ್ಧಮಾಡಿ ಮುಂದಿಟ್ಟ ವೇಳಾಪಟ್ಟಿಗೆ ಸಿಗುವುದು ‘ಅನುಮೋದನೆ’. ಮೊದಲೇ ಕೇಳಿ ಪಡೆಯುವುದು ಅನುಮತಿ, ಮಾಡಿ ತಂದದ್ದನ್ನು ಮೇಲಿನವರು ಒಪ್ಪುವುದು ಅನುಮೋದನೆ. ಕಚೇರಿಯಲ್ಲಿ ಕಡತ ನೋಡುವವರಿಗೆ ಈ ಭೇದ ಗೊತ್ತು, ಬರೆಯುವಾಗ ಮಾತ್ರ ಬಿಟ್ಟುಬಿಡುತ್ತೇವೆ. ‘ಮಂಜೂರಾತಿ’ ಹಣಕ್ಕೋ ಜಮೀನಿಗೋ ಹುದ್ದೆಗೋ ಇರಲಿ. ರನ್‌ವೇಯಲ್ಲಿ ಸಿಗುವ ಹೊತ್ತಿಗೆ, ಅಂದರೆ ‘ಸ್ಲಾಟ್’ಗೆ, ಟೈಮಿಂಗ್ ಎಂದೇ ಬರೆದರೂ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಘಟ್ಟದ ಮೇಲಿನವರು ‘ಸರದಿ’ ಎನ್ನಬಹುದೇನೋ.

ರಹದಾರಿಯ ಬಗ್ಗೆ ಒಂದು ಮಾತು. ಅದರಲ್ಲಿ ಕಾಣುವ ‘ದಾರಿ’ ನಮ್ಮ ದಾರಿಯಲ್ಲ. ಪಾರಸಿಯಲ್ಲಿ ‘ರಾಹ್’ ಎಂದರೇ ದಾರಿ. ಹಿಂದಿನ ‘ದಾರಿ’ ಜವಾಬ್ದಾರಿ, ಜಮೀನ್ದಾರಿಗಳಲ್ಲಿ ಬರುವ ಪ್ರತ್ಯಯ. ಕನ್ನಡದ ಕಿವಿಗೆ ಎರಡೂ ಕಡೆ ದಾರಿ ಕೇಳಿಸುತ್ತದೆ. ಈ ಪದ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ.

ಇನ್ನು ‘ಫ್ರೀಡಮ್ಸ್ ಆಫ್ ದಿ ಏರ್’. ಒಂದು ದೇಶದ ವಿಮಾನಗಳಿಗೆ ಇನ್ನೊಂದು ದೇಶ ಕೊಡುವ ಹಾರಾಟದ ಹಕ್ಕುಗಳಿಗೆ ಇಂಗ್ಲಿಷಿನಲ್ಲಿರುವ ಹೆಸರು ಇದು. ಇದನ್ನು ‘ವಾಯು ಸ್ವಾತಂತ್ರ್ಯಗಳು’ ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಟಿಪ್ಪಣಿಯೊಂದರಲ್ಲಿ ಓದಿದೆ. ನನಗೆ ಒಪ್ಪಿಗೆಯಿಲ್ಲ. ಸ್ವಾತಂತ್ರ್ಯ ಎಂದಕೂಡಲೇ ಯಾರೂ ತಡೆಯಲಾರದ್ದು ಎಂಬ ಅರ್ಥ ಬರುತ್ತದೆ. ಇಲ್ಲಿರುವುದು ಒಬ್ಬರು ಕೊಟ್ಟು ಇನ್ನೊಬ್ಬರು ಪಡೆಯುವ, ಬೇಡವೆಂದಾಗ ಹಿಂದೆಗೆಯುವ ಸಂಗತಿ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು, ವಾರದೊಳಗೆ ನಾವೂ ಅವರಿಗೆ ಮುಚ್ಚಿದೆವು. (ಆಗ ಕೆಲವು ಕಡೆ ‘ವಾಯುಮಾರ್ಗ ಮುಚ್ಚಿದೆ’ ಎಂದು ಬರೆದದ್ದೂ ಸರಿಯಲ್ಲ. ಮುಚ್ಚಿದ್ದು ಒಂದು ದಾರಿಯಲ್ಲ, ಇಡೀ ಬಯಲು.) ಹೊಲಕ್ಕೆ ಹೋಗುವ ಜಾಗದ ವ್ಯಾಜ್ಯದಲ್ಲಿ ನಾವು ‘ದಾರಿ ಹಕ್ಕು’ ಎನ್ನುತ್ತೇವಲ್ಲ, ಅದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮೊದಲನೆಯದು ಇಳಿಯದೆ ‘ಹಾಯುವ ಹಕ್ಕು’. ಎರಡನೆಯದು ಎಣ್ಣೆಗೋ ರಿಪೇರಿಗೋ ಇಳಿದು, ಜನರನ್ನು ಹತ್ತಿಸದೆ ಇಳಿಸದೆ ಹೊರಡುವ ‘ತಂಗುವ ಹಕ್ಕು’. ಮೂರನೆಯದು ತನ್ನೂರಿಂದ ‘ಒಯ್ಯುವ ಹಕ್ಕು’, ನಾಲ್ಕನೆಯದು ಅಲ್ಲಿಂದ ‘ತರುವ ಹಕ್ಕು’. ಐದನೆಯದಕ್ಕೆ ನನಗೆ ಒಳ್ಳೆಯ ಪದ ಸಿಕ್ಕಿಲ್ಲ. ದುಬೈಯಿಂದ ಹೊರಟ ಎಮಿರೇಟ್ಸ್ ವಿಮಾನ ಮಿಲಾನಿನಲ್ಲಿ ಇಳಿದು, ಅಲ್ಲಿನ ಜನರನ್ನು ಹತ್ತಿಸಿಕೊಂಡು ನ್ಯೂಯಾರ್ಕಿಗೆ ಹೋಗುತ್ತದೆ. ಇಟಲಿಯೂ ಅಮೆರಿಕವೂ ಒಪ್ಪಿದರಷ್ಟೇ ಅದು ಸಾಧ್ಯ. ‘ನಡುವೆ ಎತ್ತುವ ಹಕ್ಕು’ ಎಂದು ಬರೆದು ನೋಡಿದೆ. ಬಸ್ಸಿನವರು ‘ಜನ ಎತ್ತುವುದು’ ಎನ್ನುತ್ತಾರೆ, ಆದರೆ ಬರಹದಲ್ಲಿ ಅದು ಎಲ್ಲರಿಗೂ ರುಚಿಸಲಿಕ್ಕಿಲ್ಲ.

ಇನ್ನೊಂದು ಗೊಂದಲ ಹೊಸ ಕಾಯ್ದೆಯ ಹೆಸರಿನದು. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ‘ಭಾರತೀಯ ವಾಯುಯಾನ ಅಧಿನಿಯಮ’ ಬಂದಿದೆ. ಹಿಂದಿಯಲ್ಲಿ ವಾಯುಯಾನ ಎಂದರೆ ವಿಮಾನ, ಹಾರುವ ವಾಹನ. ಕನ್ನಡದಲ್ಲಿ ವಾಯುಯಾನ ಎಂದರೆ ಹಾರಿಹೋಗುವ ಪ್ರಯಾಣ. ಸಂಸ್ಕೃತದ ‘ಯಾನ’ಕ್ಕೆ ಎರಡೂ ಅರ್ಥ ಇದೆ, ಒಂದನ್ನು ಅವರು ಹಿಡಿದರು, ಇನ್ನೊಂದನ್ನು ನಾವು ಹಿಡಿದೆವು. ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರು ಒಮ್ಮೆಯಾದರೂ ‘ವಿಮಾನಗಳ ಕಾಯ್ದೆ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಈಗ ಮೂಲ ಪ್ರಶ್ನೆಗೆ. ಪಾಯಿಂಟ್ ಆಫ್ ಕಾಲ್‌ಗೆ ಮೂರು ಪದ ಯೋಚಿಸಿದೆ. ‘ತಂಗುದಾಣ’ ಕಿವಿಗೆ ಹಿತ, ಆದರೆ ಅದು ಆಗಲೇ ಬಸ್ಸು ಕಾಯುವವರ ನೆರಳಿಗೆ ಹೋಗಿಬಿಟ್ಟಿದೆ. ‘ಒಪ್ಪಂದದ ನಿಲ್ದಾಣ’ ಅರ್ಥವನ್ನು ಪೂರ್ತಿ ಹೇಳುತ್ತದೆ, ಆದರೆ ಪದವಾಗಿ ನಿಲ್ಲದೆ ವಿವರಣೆಯಾಗುತ್ತದೆ. ಮೂರನೆಯದು ‘ಇಳಿದಾಣ’. ನಿಲ್ ಸೇರಿದ ತಾಣ ನಿಲ್ದಾಣವಾದ ಹಾಗೆ ಇಳಿ ಸೇರಿದ ತಾಣ. ‘ವಿದೇಶಿ ಕಂಪನಿಗಳಿಗೆ ಮಂಗಳೂರನ್ನೂ ಇಳಿದಾಣವಾಗಿ ಒಪ್ಪಂದದಲ್ಲಿ ಸೇರಿಸಬೇಕು’ ಎಂದು ಮನವಿಯ ಸಾಲನ್ನು ಬದಲಿಸಿ ಅಕ್ಕನ ಮಗನಿಗೆ ಓದಿ ಹೇಳಿದೆ. “ಇದು ತಿಳಿಯುತ್ತದೆ ಮಾವ” ಎಂದ. ಆದರೂ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ. ಇಳಿದಾಣದಲ್ಲಿ ಇಳಿಯುವುದಿದೆ, ಮತ್ತೆ ಏರಿ ಹೋಗುವುದಿಲ್ಲ. ಹಡಗಿನವರ ಮಾತಿನಲ್ಲಿ ಬಂದು ಹೋಗುವುದು ಎರಡೂ ಇತ್ತು.

ಅದಕ್ಕೇ ಒಂದು ಕೋರಿಕೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಮಂಜಿ ಎನ್ನುವ ಸರಕಿನ ದೋಣಿಗಳು ಹೋಗುತ್ತವೆ. ದಾರಿಯಲ್ಲಿ ಒಂದು ದ್ವೀಪದಲ್ಲಿ ನಿಂತು, ಸಾಮಾನು ಇಳಿಸಿ, ಮುಂದಿನ ದ್ವೀಪಕ್ಕೆ ಹೊರಡುವುದಕ್ಕೆ ಮಂಜಿಯವರು ಏನೆನ್ನುತ್ತಾರೆ? ಕನ್ನಡ, ತುಳು, ಬ್ಯಾರಿ, ಕೊಂಕಣಿ, ಯಾವುದಾದರೂ ಸರಿ. ಧಕ್ಕೆಯಲ್ಲಿ (ದೋಣಿ ಕಟ್ಟುವ ಕಟ್ಟೆಯಲ್ಲಿ) ಓಡಾಡುವ ಪರಿಚಯ ಇರುವವರು ದಯವಿಟ್ಟು ಕೇಳಿ ತಿಳಿಸಿ. ಮನವಿಪತ್ರವನ್ನು ಇದೇ ತಿಂಗಳ ಕೊನೆಗೆ ಕೊಡಬೇಕು ಎಂದಿದ್ದಾರೆ. ಅಷ್ಟರೊಳಗೆ ಸಿಕ್ಕರೆ ಆ ಪದವನ್ನೇ ಹಾಕುತ್ತೇನೆ, ಇಲ್ಲದಿದ್ದರೆ ಇಳಿದಾಣ ಇರಲಿ.